ಹಾಡು ಹಾಕದೆ ಹೇಳಿದ ವರ್ಷದ ಆಲ್ಬಮ್‌ಗಳು

ನನ್ನ ಅಂಗಡಿಯ ಬೋರ್ಡಿನ ಕೆಳಗಡೆ ‘ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡಲಾಗುವುದು’ ಎಂಬ ಸಾಲು ಈಗಲೂ ಇದೆ. ಬಿಸಿಲಿಗೆ ಬಣ್ಣ ಹೋಗಿ ‘ಹಾಡು’ ಎಂಬುದಷ್ಟೇ ಓದಲು ಸಿಗುತ್ತದೆ. ಹಾಡು ತುಂಬಿಸಿಕೊಳ್ಳಲು ಯಾರಾದರೂ ಬಂದು ಏಳೆಂಟು ವರ್ಷವಾಯಿತು. ಈಗ ಬರುವವರೆಲ್ಲ ಡಿಸ್‌ಪ್ಲೇ ಒಡೆದುಕೊಂಡವರು, ಚಾರ್ಜಿಂಗ್ ಪಿನ್ ಸಡಿಲ ಮಾಡಿಕೊಂಡವರು. ಬೋರ್ಡನ್ನು ಹೊಸದಾಗಿ ಬರೆಸಿ ಎಂದು ಹೆಂಡತಿ ವರ್ಷಕ್ಕೆರಡು ಸಲ ಹೇಳುತ್ತಾಳೆ. ಬರೆಸಿದರೆ ಆ ಸಾಲು ಹೋಗುತ್ತದಲ್ಲ ಎಂದು ನಾನೇ ಮುಂದೂಡುತ್ತಿದ್ದೇನೆ.

ಹಗಲೆಲ್ಲ ರಿಪೇರಿ. ಮಂಗಳವಾರ ಮತ್ತು ಶುಕ್ರವಾರದ ಸಂಜೆ ಷಟರ್ ಅರ್ಧ ಎಳೆದು, ಕೊಳ್ಳೇಗಾಲದ ಕಡೆಯ ನಮ್ಮ ಊರಿನ ಸಮುದಾಯ ಬಾನುಲಿ ಕೇಂದ್ರಕ್ಕೆ ಹೋಗುತ್ತೇನೆ. ಎರಡೇ ಕೋಣೆ. ಗೋಡೆಗೆ ಹಳೆಯ ಹಾಸಿಗೆಯ ಸ್ಪಂಜು ಹೊಡೆದಿದ್ದೇವೆ. ಸಂಬಳವಿಲ್ಲ, ಟೀ ಇದೆ. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಸಿಗುವ ಶಕ್ತಿ 100 ವ್ಯಾಟ್. ಗೋಪುರ 30 ಮೀಟರ್ ದಾಟುವಂತಿಲ್ಲ. ಅಷ್ಟರಲ್ಲಿ ನಮ್ಮ ದನಿ ಹತ್ತು ಹನ್ನೆರಡು ಕಿಲೋಮೀಟರ್ ನಡೆಯುತ್ತದೆ. ನಡುವೆ ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಿಕೊಳ್ಳಬಹುದು ಎಂದು 2024ರಲ್ಲಿ ನಿಯಮ ಸಡಿಲವಾಯಿತು. ನಮಗಿರುವುದು ಒಂದು ಗೊಬ್ಬರದ ಅಂಗಡಿ, ಒಂದು ಕಣ್ಣಿನ ತಪಾಸಣಾ ಶಿಬಿರ. ಆದರೂ ನಮ್ಮ ಪಾಡು ಮೊದಲಿನವರಷ್ಟು ಕಷ್ಟದ್ದಲ್ಲ. 2006ರ ಕೊನೆಯವರೆಗೆ ಶಿಕ್ಷಣ ಸಂಸ್ಥೆಗಳಿಗೆ ಬಿಟ್ಟರೆ ಊರಿನವರಿಗೆ ಪರವಾನಗಿಯೇ ಸಿಗುತ್ತಿರಲಿಲ್ಲ. ಆಗ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು ಗಾಳಿಯನ್ನು ಬಿಟ್ಟು ಕೇಬಲ್ ತಂತಿ ಹಿಡಿದು ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿದರು. ಬಾನುಲಿಯಲ್ಲಿ ಬಾನೇ ಇಲ್ಲದ ಕಾಲ ಅದು.

ವರ್ಷದ ಆಲ್ಬಮ್‌ಗಳ ಹುಚ್ಚು ನನಗೆ ಹತ್ತಿದ್ದು ಬೆಸುಗೆ ಹಾಕುವ ಮೇಜಿನ ಮೇಲೆ. ಕೈ ಕೆಲಸದಲ್ಲಿರುವಾಗ ಕಿವಿ ಖಾಲಿ ಇರುತ್ತದೆ. ಯೂಟ್ಯೂಬ್ ತಾನೇ ಒಂದರ ಹಿಂದೆ ಒಂದು ಹಾಕುತ್ತ ಹೋಗಿ ಒಮ್ಮೆ ಅಮೆರಿಕದ ಸಿಯಾಟಲ್‌ನ ಕೆಇಎಕ್ಸ್‌ಪಿ ಎಂಬ ಬಾನುಲಿಯ ಸ್ಟುಡಿಯೋಕ್ಕೆ ತಂದು ನಿಲ್ಲಿಸಿತು. ಕೇಳುಗರ ದೇಣಿಗೆಯಿಂದ ನಡೆಯುವ ಕೇಂದ್ರ. 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರು ಮಾಡಿದಾಗ ಅದರ ಶಕ್ತಿ 10 ವ್ಯಾಟ್ ಎಂದು ಓದಿ ನನಗೆ ಎಂಥ ಖುಷಿಯಾಯಿತೆಂದರೆ, ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ನಮ್ಮದು ಅದರ ಹತ್ತರಷ್ಟು! ಪ್ರತಿ ಡಿಸೆಂಬರಿನಲ್ಲಿ ಅಲ್ಲಿಯ ಡಿಜೆಗಳು, ಅಂದರೆ ನಿರೂಪಕರು, ತಮ್ಮ ತಮ್ಮ ಮೆಚ್ಚಿನ ಆಲ್ಬಮ್‌ಗಳ ಪಟ್ಟಿ ಕೊಡುತ್ತಾರೆ. ಒಬ್ಬರ ಪಟ್ಟಿ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಅದೇ ಅದರ ರುಚಿ. ಪತ್ರಿಕೆಗಳ ಪಟ್ಟಿಯಲ್ಲಿ ಎಲ್ಲರೂ ಕೂತು ಒಪ್ಪಿಕೊಂಡ ಒಂದು ಸಪ್ಪೆತನವಿರುತ್ತದೆ. ಇಲ್ಲಿ ಮಧ್ಯರಾತ್ರಿಯ ಪಾಳಿಯವನಿಗೆ ಏನು ಇಷ್ಟವೋ ಅದು ಅವನದು.

ನಾವೂ ಮಾಡೋಣ ಎಂದು ನವೆಂಬರ್ ಕೊನೆಯ ಸಭೆಯಲ್ಲಿ ಹೇಳಿದೆ. ‘ಡಿಜೆಗಳ ಮೆಚ್ಚಿನ ಆಲ್ಬಮ್‌ಗಳು’ ಎಂದು ಕಾರ್ಯಕ್ರಮಕ್ಕೆ ಹೆಸರನ್ನೂ ಇಟ್ಟುಬಿಟ್ಟಿದ್ದೆ. ಎಲ್ಲರೂ ನಕ್ಕರು. ನಮ್ಮಲ್ಲಿ ಡಿಜೆ ಎಂದರೆ ಮನುಷ್ಯನಲ್ಲ. ಗಣೇಶನನ್ನು ಬಿಡುವ ದಿನ ಟ್ರ್ಯಾಕ್ಟರ್ ಮೇಲೆ ಬರುವ, ಕಿಟಕಿಯ ಗಾಜು ನಡುಗಿಸುವ ಸ್ಪೀಕರುಗಳ ರಾಶಿ. ಪೊಲೀಸರು ವಶಪಡಿಸಿಕೊಳ್ಳುವುದು ಡಿಜೆಯನ್ನು. ಆ ಹೆಸರು ಬಿದ್ದುಹೋಯಿತು.

‘ಆಲ್ಬಮ್’ ಇನ್ನೂ ಕಷ್ಟ ಕೊಟ್ಟಿತು. ನಮ್ಮ ತಂಡದ ಡಿಪ್ಲೊಮಾ ಹುಡುಗನಿಗೆ ಆಲ್ಬಮ್ ಎಂದರೆ ಸಿನಿಮಾದ್ದಲ್ಲದ ಒಂದೇ ಒಂದು ಹಾಡು, ಅದಕ್ಕೊಂದು ವಿಡಿಯೋ, ಅದರಲ್ಲೊಂದು ಬುಲೆಟ್ ಬೈಕು. ಅವನ ತಪ್ಪಲ್ಲ. ಯೂಟ್ಯೂಬ್ ಬಂದ ಮೇಲೆ ಕನ್ನಡದಲ್ಲಿ ‘ಆಲ್ಬಮ್ ಸಾಂಗ್’ ಎಂದರೆ ಅದೇ ಅರ್ಥ. ಒಂಟಿ ಹಾಡಿಗೇ ಕಟ್ಟಿನ ಹೆಸರು ಬಂದುಬಿಟ್ಟಿದೆ. ಬಿಡಿ ಹೂವಿಗೆ ಮಾಲೆ ಎಂದ ಹಾಗೆ.

ನನಗೆ ಆಲ್ಬಮ್ ಎಂದರೆ ಅಪ್ಪನ ‘ನಿತ್ಯೋತ್ಸವ’. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗ. 1978ರಲ್ಲಿ ಬಂದ, ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ. ಅಪ್ಪ ಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಒಂದು ಬದಿ ಮುಗಿದಾಗ ‘ಟಕ್’ ಎನ್ನುವ ಸದ್ದು, ಅದನ್ನು ತಿರುಗಿಸಿ ಹಾಕಲು ನನಗೂ ತಂಗಿಗೂ ಜಗಳ. ಒಂದು ಹಾಡಿನ ಕೊನೆಯ ಸ್ವರ ಅಡಗುವ ಮೊದಲೇ ಮುಂದಿನ ಹಾಡಿನ ಮೊದಲ ಸ್ವರ ನಮ್ಮ ಬಾಯಲ್ಲಿರುತ್ತಿತ್ತು. ಈಗಲೂ ಆ ಹಾಡುಗಳಲ್ಲಿ ಒಂದನ್ನು ಯಾರಾದರೂ ಸಭೆಯಲ್ಲಿ ಹಾಡಿ ಮುಗಿಸಿದರೆ ನನ್ನ ತಲೆಯೊಳಗೆ ಮುಂದಿನದು ತಾನಾಗಿ ಶುರುವಾಗುತ್ತದೆ. ವಂದನಾರ್ಪಣೆಯವರು ಎದ್ದು ನಿಂತರೆ ಸಿಟ್ಟು ಬರುತ್ತದೆ.

ಧ್ವನಿಸುರುಳಿ ಎನ್ನೋಣವೇ? ಸುರುಳಿಯೇ ಇಲ್ಲ. ಧ್ವನಿಸಾಂದ್ರಿಕೆ? ಸಿ.ಡಿ. ಹಾಕುವ ಯಂತ್ರ ಯಾರ ಮನೆಯಲ್ಲೂ ಉಳಿದಿಲ್ಲ. ಆಗ ಮಹಿಳಾ ಕಾರ್ಯಕ್ರಮ ನಡೆಸುವ ಅಕ್ಕ, ಹುರುಳಿಕಾಳು ಆರಿಸುತ್ತಿದ್ದವರು ತಲೆ ಎತ್ತದೆ, “ಸಾಲು ಎನ್ನಿ” ಎಂದರು. ಎಲ್ಲರೂ ಸುಮ್ಮನಾದೆವು. ನಮ್ಮ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆಯ ಮಾದೇಶ್ವರನ ಕಾವ್ಯ ಸಾಲು ಸಾಲಾಗಿಯೇ ಇರುವುದು: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಎಲ್ಲ ಸೇರಿದರೆ ಹಲವು ರಾತ್ರಿಗಳು. ಆದರೆ ಒಂದೊಂದು ಸಾಲೂ ತನ್ನಷ್ಟಕ್ಕೆ ಪೂರ್ತಿ. ಅದರೊಳಗೆ ಹಾಡು, ಮಾತು, ನಗೆ, ಅಳು ಎಲ್ಲಕ್ಕೂ ತನ್ನ ತನ್ನ ಜಾಗ. ಇಷ್ಟು ಹತ್ತಿರ ಇದ್ದ ಮಾತನ್ನು ನಾನು ಸಿಯಾಟಲ್‌ನಲ್ಲಿ ಹುಡುಕುತ್ತಿದ್ದೆ. ಕಾರ್ಯಕ್ರಮದ ಹೆಸರು ‘ವರ್ಷದ ಸಾಲು’ ಎಂದಾಯಿತು.

ಎರಡು ನಿಯಮ ಮಾಡಿಕೊಂಡೆವು. ಒಂದು, 2024ರಲ್ಲಿ ಬಂದದ್ದಾಗಿರಬೇಕು. ಎರಡು, ಬಿಡಿ ಹಾಡು ಬೇಡ. ಮೂರನೆಯ ನಿಯಮ ನಾವು ಮಾಡಿದ್ದಲ್ಲ, ತಾನಾಗಿ ಇದ್ದದ್ದು: ಹಾಡು ಹಾಕುವಂತಿಲ್ಲ. ಮುದ್ರಿತ ಹಾಡನ್ನು ಪ್ರಸಾರ ಮಾಡಲು ಅದರ ಹಕ್ಕುದಾರರಿಗೆ ಶುಲ್ಕ ಕಟ್ಟಬೇಕು. ಗೊಬ್ಬರದ ಅಂಗಡಿಯ ಜಾಹೀರಾತಿನಲ್ಲಿ ಅದು ಆಗುವ ಮಾತಲ್ಲ. ಆದ್ದರಿಂದ ನಮ್ಮ ಕೇಂದ್ರದಲ್ಲಿ ನಾವೇ ಮುದ್ರಿಸಿಕೊಂಡದ್ದನ್ನು ಮಾತ್ರ ಹಾಕುತ್ತೇವೆ. ಆ ವರ್ಷ ಫೋನ್ ಮಾಡಿದ ಕೇಳುಗರಲ್ಲಿ ಅರ್ಧಕ್ಕರ್ಧ ಜನ ಕೇಳಿದ್ದು ‘ಕೃಷ್ಣಂ ಪ್ರಣಯ ಸಖಿ’ಯ ‘ದ್ವಾಪರ’ ಹಾಡನ್ನು. ಅದನ್ನು ಹಾಕಲಾಗದು ಎಂದು ಹೇಳಿ ಹೇಳಿ ನಮ್ಮ ಹುಡುಗನಿಗೆ ಆ ಹಾಡೇ ಬಾಯಿಪಾಠವಾಯಿತು. ಹಾಗಾಗಿ ವರ್ಷದ ಆಲ್ಬಮ್‌ಗಳ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಆಲ್ಬಮ್‌ಗಳ ಒಂದು ನಿಮಿಷವೂ ಕೇಳಿಸುವಂತಿರಲಿಲ್ಲ. ಬಾಯಲ್ಲಿ ಹೇಳಬೇಕು. ಊಟವಿಲ್ಲದೆ ಊಟದ ರುಚಿ ಹೇಳಿದಂತೆ. ಇದು ಆಗದ ಕೆಲಸ ಎಂದು ನಾನೇ ಮೊದಲು ಕೈಬಿಟ್ಟೆ. ಉಳಿದವರು ಬಿಡಲಿಲ್ಲ.

ಹುಡುಗ ತಂದದ್ದು ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’. ಬೆಂಗಳೂರಿನಲ್ಲಿ ನೆಲೆಸಿರುವ ಮಲಯಾಳಿ ರ್‍ಯಾಪ್ ಗಾಯಕ, ಜುಲೈನಲ್ಲಿ ಬಂದ ಹಾಡು, ಲೋಕವೆಲ್ಲ ಕೇಳಿದ್ದು. “ಇದು ಒಂದೇ ಹಾಡಲ್ಲವೇ?” ಎಂದೆ. “ಅಣ್ಣ, ನಾನು ಅದನ್ನು ಒಂದು ದಿನಕ್ಕೆ ನಲವತ್ತು ಸಲ ಕೇಳಿದ್ದೇನೆ. ನಲವತ್ತು ಹಾಡಿನ ಆಲ್ಬಮ್ ಆಯಿತಲ್ಲ” ಎಂದ. ವಾದದಲ್ಲಿ ಹುರುಳಿರಲಿಲ್ಲ, ಆದರೆ ಮೈಕಿನ ಮುಂದೆ ಅವನು ಹಾಡಿನ ಬಗ್ಗೆ ಹೇಳಲೇ ಇಲ್ಲ. ಅದರ ವಿಡಿಯೋವನ್ನು ಕೇರಳದ ಪೊನ್ನಾನಿಯಲ್ಲಿ, ಜಾತ್ರೆಗಳಲ್ಲಿ ಬೈಕ್ ಓಡಿಸುವ ಮರದ ಬಾವಿಯೊಳಗೆ ತೆಗೆದದ್ದು. ನಮ್ಮವನು ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಅಂಥ ಬಾವಿಯ ಅಂಚಿಗೆ ಆತು ನೋಡಿದ್ದು, ಹಲಗೆ ನಡುಗುವಾಗ ಹೊಟ್ಟೆಯೊಳಗೆ ಆದದ್ದು, ಸವಾರ ಕೈಬಿಟ್ಟು ಬಂದು ತನ್ನ ಕೈಯಿಂದ ಹತ್ತರ ನೋಟು ಕಿತ್ತುಕೊಂಡು ಹೋದದ್ದು, ಇದನ್ನೇ ಆರು ನಿಮಿಷ ಹೇಳಿದ. ಹಾಡಿನ ಬಡಿತ ಅದರಲ್ಲೇ ಇತ್ತು. ನಿಯಮ ಮುರಿದವನಿಗೇ ಮೊದಲ ಜಾಗ ಸಿಕ್ಕಿತು.

ನಮ್ಮಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ದಖನಿ ಕಾರ್ಯಕ್ರಮ ನಡೆಸುವ ತಂಗಿಯೊಬ್ಬಳಿದ್ದಾಳೆ. ಅವಳ ತಾಯಿಯ ತವರು ಬೀದರ್. ಮೈಸೂರು ಸೀಮೆಯ ಉರ್ದುವಿಗೂ ಬೀದರಿನ ಉರ್ದುವಿಗೂ ಇರುವ ವ್ಯತ್ಯಾಸದ ಮೇಲೆ ಅವಳ ಮನೆಯಲ್ಲಿ ಊಟದ ಹೊತ್ತಿಗೆ ಜಗಳವಾಗುತ್ತದಂತೆ. ಅವಳು ಆರಿಸಿದ್ದು ಗಾಯಕಿ ಆರೂಜ್ ಆಫ್ತಾಬ್ ಅವರ ‘ನೈಟ್ ರೇನ್’, ಅಂದರೆ ರಾತ್ರಿಯ ಆಳ್ವಿಕೆ. ಆರೂಜ್ ಪಾಕಿಸ್ತಾನ ಮೂಲದವರು, ನ್ಯೂಯಾರ್ಕಿನಲ್ಲಿದ್ದಾರೆ. ಗ್ರ್ಯಾಮಿ ಪಡೆದ ಮೊದಲ ಪಾಕಿಸ್ತಾನಿ. ನಾನು ಮೊದಲ ಸಲ ಕೇಳಿದಾಗ, ತಪ್ಪು ಒಪ್ಪಿಕೊಳ್ಳುತ್ತೇನೆ, ನಿದ್ದೆ ಹೋದೆ. ಎಲ್ಲವೂ ರಾತ್ರಿಯ ನಡಿಗೆಯಲ್ಲಿದೆ. ಯಾವ ವಾದ್ಯವೂ ಮುಂದೆ ನುಗ್ಗುವುದಿಲ್ಲ. ತಂಗಿ ಹಾಡಿನ ಸೊಬಗನ್ನು ಹೊಗಳಲಿಲ್ಲ. ಇದರಲ್ಲಿ ಎರಡು ಹಾಡುಗಳ ಮಾತು ಮಹ್ ಲಕಾ ಬಾಯಿ ಚಂದಾ ಬರೆದವು ಎಂದಳು. ಹೈದರಾಬಾದಿನ ನಿಜಾಮರ ಕಾಲದ ಕವಯಿತ್ರಿ, ಗಾಯಕಿ, ನರ್ತಕಿ. ತನ್ನ ಉರ್ದು ಗಜಲುಗಳನ್ನು ಒಂದು ದೀವಾನ್ ಆಗಿ, ಅಂದರೆ ಸಂಕಲನವಾಗಿ, ಕಟ್ಟಿಕೊಟ್ಟವಳು. ಮೌಲಾ ಅಲಿ ಗುಡ್ಡದ ಕೆಳಗೆ ಅವಳ ಸಮಾಧಿ ಇದೆ. ತೀರಿಕೊಂಡದ್ದು 1824ರಲ್ಲಿ, ಅಂದರೆ ಈ ಆಲ್ಬಮ್ ಬರುವ ಹೊತ್ತಿಗೆ 200 ವರ್ಷ. “ನಮ್ಮ ದಖನ್ನಿನ ಹೆಂಗಸಿನ ಮಾತು ಲಾಹೋರಿನ ಬಾಯಿಂದ ನ್ಯೂಯಾರ್ಕಿಗೆ ಹೋಗಿ, ನನ್ನ ಫೋನಿಗೆ ಬಂದಿತು. ಬಸ್ಸಿನಲ್ಲಿ ಬೀದರಿಗೆ ಹೋಗಲು ನನಗೆ ಒಂದಿಡೀ ದಿನ ಬೇಕು” ಎಂದಳು. ಆಮೇಲೆ ‘ರಾತ್ ಕೀ ರಾಣಿ’ ಎಂಬ ಹಾಡಿನ ಹೆಸರು ಹೇಳಿ, ಅದು ರಾತ್ರಿರಾಣಿ ಹೂವು, ನಿಮ್ಮ ಹಿತ್ತಲಲ್ಲಿ ಇದ್ದರೆ ಈಗ ಬಾಗಿಲು ತೆರೆಯಿರಿ ಎಂದಳು. ರಾತ್ರಿ ಎಂಟೂವರೆಯ ಪ್ರಸಾರ. ಅದನ್ನು ಕೇಳಿ ಬಾಗಿಲು ತೆರೆದೆ ಎಂದು ಮಾರನೆಯ ದಿನ ಇಬ್ಬರು ಫೋನ್ ಮಾಡಿದರು. ಒಬ್ಬರಿಗೆ ಸೊಳ್ಳೆ ನುಗ್ಗಿತಂತೆ.

ಮುದ್ರಣ ಇಟ್ಟುಕೊಂಡಿದ್ದು ಡಿಸೆಂಬರ್ 16ರ ಸೋಮವಾರ. ಹಿಂದಿನ ರಾತ್ರಿಯಿಂದಲೇ ತಬಲಾದ ಜಾಕಿರ್ ಹುಸೇನರು ತೀರಿಕೊಂಡ ಸುದ್ದಿ ಓಡಾಡುತ್ತಿತ್ತು. ಸೋಮವಾರ ಅದು ನಿಜವೆಂದು ಖಚಿತವಾಯಿತು. ನಮ್ಮ ಮೃದಂಗದ ಮೇಷ್ಟ್ರು, ನಿವೃತ್ತ ಗಣಿತದ ಮೇಷ್ಟ್ರು ಕೂಡ, ಅಂದು ಬರುವುದಿಲ್ಲ ಎಂದುಕೊಂಡಿದ್ದೆವು. ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಅವರ ಆಯ್ಕೆ ಜಾಕಿರ್ ತಬಲಾ ನುಡಿಸಿದ ‘ಶಕ್ತಿ’ ತಂಡದ ‘ದಿಸ್ ಮೊಮೆಂಟ್’. “ಮೇಷ್ಟ್ರೇ, ಅದು 2023ರದ್ದು” ಎಂದ ಹುಡುಗ, ತನ್ನ ಸೇಡಿಗಾಗಿ. “ಗ್ರ್ಯಾಮಿ ಪ್ರಶಸ್ತಿ ಬಂದದ್ದು 2024ರ ಫೆಬ್ರುವರಿಯಲ್ಲಿ. ಮನುಷ್ಯ ಹೋದದ್ದು ನೆನ್ನೆ. ನಿನ್ನ ಲೆಕ್ಕ ಯಾವುದು?” ಎಂದರು. ಗಣಿತದ ಮೇಷ್ಟ್ರ ಜೊತೆ ಲೆಕ್ಕಕ್ಕೆ ಇಳಿಯುವವರು ಯಾರು?

ನಮ್ಮಂಥ ಕೇಂದ್ರಗಳು ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಮರುಪ್ರಸಾರ ಮಾಡಬಹುದು, ಅಷ್ಟೇ. ಮೇಷ್ಟ್ರು ಸುದ್ದಿ ಹೇಳಲಿಲ್ಲ, ಮೇಜು ಬಡಿದರು. ಮೈಕನ್ನು ಬಾಯಿಯ ಮುಂದಿನಿಂದ ಮೇಜಿನ ಮರದ ಹತ್ತಿರಕ್ಕೆ ತಾವೇ ಬಗ್ಗಿಸಿಕೊಂಡು, ಎಡಗೈ ಬೆರಳಲ್ಲಿ ತಾಳ ಹಿಡಿದು, ಬಲಗೈಯಲ್ಲಿ ಬಾರಿಸುತ್ತ ಬಾಯಲ್ಲಿ ಜತಿ ಹೇಳಿದರು. ನಡುನಡುವೆ ಮಾತು. ಐವತ್ತು ವರ್ಷದ ಹಿಂದೆ ಜಾನ್ ಮೆಕ್‌ಲಾಫ್ಲಿನ್ ಎಂಬ ಇಂಗ್ಲಿಷ್ ಗಿಟಾರಿನವನ ಜೊತೆ ಕೂತ ಆ ತಂಡದಲ್ಲಿ ಘಟ ನುಡಿಸಿದವರು ವಿಕ್ಕು ವಿನಾಯಕರಾಮ್. ಈ ಹೊಸ ಆಲ್ಬಮ್‌ನಲ್ಲಿ ಖಂಜಿರ ಹಿಡಿದವರು ಅವರ ಮಗ ಸೆಲ್ವಗಣೇಶ್. 1977ರ ಬಳಿಕ ಸ್ಟುಡಿಯೋದಲ್ಲಿ ಮಾಡಿದ ಮೊದಲ ಆಲ್ಬಮ್ ಇದು. “ಅಪ್ಪ ಬಿಟ್ಟ ತಾಳವನ್ನು ಮಗ ಎತ್ತಿಕೊಂಡಿದ್ದಾನೆ. ನಡುವೆ ನಲವತ್ತಾರು ವರ್ಷದ ಬಿಡುವು. ಸಮಕ್ಕೆ ಬಂದು ಬಿದ್ದಿದೆ ನೋಡಿ” ಎಂದು ಮೇಜಿನ ಮೇಲೆ ಒಂದು ಪೆಟ್ಟು ಹಾಕಿದರು. ಆ ಪೆಟ್ಟಿಗೆ ಟೀ ಲೋಟ ಉರುಳಿತು. ಆ ಸದ್ದನ್ನೂ ಹಾಗೇ ಪ್ರಸಾರ ಮಾಡಿದೆವು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮೇಷ್ಟ್ರು ಅಂದದ್ದು ಇಷ್ಟೇ: “ಜೂನ್‌ನಲ್ಲಿ ಮೈಸೂರಿನಲ್ಲಿ ಸರೋದಿನ ರಾಜೀವ ತಾರಾನಾಥರು ಹೋದರು. ಈಗ ಇವರು. ಈ ವರ್ಷದ್ದು ಸಾಕು.”

ನನ್ನ ಆಯ್ಕೆ ಎಂಡೂ ಮೊಕ್ತಾರ್ ಅವರ ‘ಫ್ಯೂನರಲ್ ಫಾರ್ ಜಸ್ಟಿಸ್’. ನ್ಯಾಯದ ಉತ್ತರಕ್ರಿಯೆ ಎಂದು ಕನ್ನಡದಲ್ಲಿ ಹೇಳಿದೆ. ಮೇ ತಿಂಗಳಲ್ಲಿ ಬಂದದ್ದು. ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಹೇಳಲಿಕ್ಕಿದೆ. ಪ್ರಸಾರದಲ್ಲಿ ಏಳು ನಿಮಿಷಕ್ಕೆ ಕತ್ತರಿಸಿದರು, ಇಲ್ಲಿ ಯಾರೂ ಕತ್ತರಿಸುವವರಿಲ್ಲ.

ಎಂಡೂ ಮೊಕ್ತಾರ್ ಪಶ್ಚಿಮ ಆಫ್ರಿಕದ ನೈಜರ್ ದೇಶದ ತುವಾರೆಗ್ ಜನಾಂಗದವರು, ಸಹಾರಾ ಮರುಭೂಮಿಯ ಅಂಚಿನವರು. ಹಾಡುವುದು ತಮಾಶೆಕ್ ಭಾಷೆಯಲ್ಲಿ. ಎಡಗೈಯವರು. ಮನೆಯವರಿಗೆ ಗಿಟಾರ್ ಎಂದರೆ ಆಗುತ್ತಿರಲಿಲ್ಲವಾದ್ದರಿಂದ ಮರದ ತುಂಡಿಗೆ ಸೈಕಲ್ಲಿನ ತಂತಿ ಬಿಗಿದು ಮೊದಲ ಗಿಟಾರನ್ನು ತಾವೇ ಮಾಡಿಕೊಂಡರು. ಸೈಕಲ್ ಬ್ರೇಕಿನ ತಂತಿಯನ್ನು ನಾನು ದಿನಾ ನೋಡುತ್ತೇನೆ, ಪಕ್ಕದ್ದೇ ಪಂಕ್ಚರ್ ಅಂಗಡಿ. ಅದರ ಒಂದು ತುಂಡನ್ನು ಎರಡು ಮೊಳೆಗೆ ಬಿಗಿದು ಮೀಟಿ ನೋಡಿದೆ. ಸ್ವರವಲ್ಲ, ಬೈಗುಳ ಬಂದಂತೆ ಬಂತು. ಅದರಲ್ಲಿ ಸಂಗೀತ ಕಲಿತವನ ಕೈಗೆ ಒಳ್ಳೆಯ ಗಿಟಾರ್ ಸಿಕ್ಕರೆ ಏನಾಗುತ್ತದೆ ಎಂಬುದು ಈ ಆಲ್ಬಮ್.

ನನ್ನನ್ನು ಹಿಡಿದದ್ದು ಮಾತ್ರ ಬೇರೆಯದು. 2008ರಲ್ಲಿ ಅವರು ಪಕ್ಕದ ನೈಜೀರಿಯಾದ ಸೊಕೊಟೊದಲ್ಲಿ ಮೊದಲ ಹಾಡುಗಳನ್ನು ಮುದ್ರಿಸಿದರು. ಆ ಹಾಡುಗಳು ಅಂಗಡಿಯಲ್ಲಿ ಕ್ಯಾಸೆಟ್ಟಾಗಿ, ಸಿ.ಡಿ.ಯಾಗಿ ಮಾರಾಟವಾಗಿ ಹೆಸರು ತಂದದ್ದಲ್ಲ. ಮೊಬೈಲಿನಿಂದ ಮೊಬೈಲಿಗೆ, ಬ್ಲೂಟೂತಿನಲ್ಲಿ, ಮೆಮೊರಿ ಕಾರ್ಡಿನಲ್ಲಿ ಮರುಭೂಮಿಯನ್ನು ದಾಟಿದವು. ಸಹೇಲ್ ಸೌಂಡ್ಸ್ ಎಂಬ ಅಮೆರಿಕದ ಸಣ್ಣ ಸಂಸ್ಥೆಯವರು ಅಲ್ಲಿನ ಫೋನುಗಳಲ್ಲಿದ್ದ ಹಾಡುಗಳನ್ನೇ ಹುಡುಕಿ, ಹಾಡಿದವರ ಪತ್ತೆ ಹಚ್ಚಿ, ‘ಮ್ಯೂಸಿಕ್ ಫ್ರಮ್ ಸಹಾರನ್ ಸೆಲ್‌ಫೋನ್ಸ್’ ಎಂದು ಒಂದು ಸಂಕಲನ ತಂದರು. ಎಂಡೂ ಮೊಕ್ತಾರ್ ಹೊರಲೋಕಕ್ಕೆ ಕೇಳಿಸಿದ್ದು ಅದರಿಂದ.

ಅದೇ ವರ್ಷಗಳಲ್ಲಿ ನಾನು ಏನು ಮಾಡುತ್ತಿದ್ದೆ? 2 ಜಿಬಿ ಕಾರ್ಡಿಗೆ ಮೂವತ್ತು ರೂಪಾಯಿಯಂತೆ ಹಾಡು ತುಂಬುತ್ತಿದ್ದೆ. ಕಂಪ್ಯೂಟರಿನಲ್ಲಿ ಕಡತಗಳ ಹೆಸರು: ಅಣ್ಣಾವ್ರು, ಹಂಸಲೇಖ, ಮಾದಪ್ಪ, ಅಯ್ಯಪ್ಪ, ತಮಿಳು ಹಳೆಯದು, ಅಳುವ ಹಾಡು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವರು, ಕಬ್ಬಿನ ಲಾರಿಯವರು, ರೇಷ್ಮೆ ಬಿಚ್ಚುವ ಹೆಂಗಸರು ಬಂದು ನಿಲ್ಲುತ್ತಿದ್ದರು. ಯಾವ ಹಾಡು ಎಂದರೆ “ನೀವೇ ಹಾಕಿ” ಎನ್ನುತ್ತಿದ್ದರು. ಅಗ್ಗದ ಫೋನುಗಳು ಹಾಡನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ನುಡಿಸುತ್ತಿದ್ದವು. ಹಾಗೆ ಬಿಟ್ಟರೆ ಸತ್ತ ಮನೆಯ ಹಾಡಿನ ಬೆನ್ನಿಗೆ ಕುಣಿತದ ಹಾಡು. ಆದ್ದರಿಂದ ಪ್ರತಿ ಹಾಡಿನ ಹೆಸರಿನ ಮೊದಲಿಗೆ 01, 02, 03 ಎಂದು ಅಂಕಿ ಹಾಕಿ ಕ್ರಮ ಕಟ್ಟುತ್ತಿದ್ದೆ. ಲಾರಿಯವರಿಗೆ ಮೊದಲ ಮೂರು ಹಾಡು ಊರು ಬಿಡುವ ಹೊತ್ತಿಗೆ, ಕನಕಪುರ ದಾಟುವಾಗ ನಿದ್ದೆ ಬಾರದಂಥದ್ದು, ಬೆಳಗಿನ ಜಾವಕ್ಕೆ ಮಾದಪ್ಪ. ಒಬ್ಬ ಲಾರಿ ಚಾಲಕ, “ಅಣ್ಣಾ, ಹೋದ ಸಲದ ಹತ್ತೊಂಬತ್ತರ ನಂತರ ಇಪ್ಪತ್ತು ಕೂಡಲಿಲ್ಲ” ಎಂದು ಹೇಳಲೆಂದೇ ಲಾರಿ ನಿಲ್ಲಿಸಿ ಇಳಿದು ಬಂದಿದ್ದ. ಆಲ್ಬಮ್ ಎಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದು ಕಳ್ಳ ನಕಲೇ. ಹಾಡಿದವರಿಗೆ, ಬರೆದವರಿಗೆ ಒಂದು ಪೈಸೆ ಹೋಗಲಿಲ್ಲ. ಎಲ್ಲರೂ ಮಾಡುತ್ತಿದ್ದರು ಎನ್ನುವುದು ಉತ್ತರವಲ್ಲ. ಅದನ್ನು ಮೈಕಿನ ಮುಂದೆಯೂ ಹೇಳಿದೆ, ಅದನ್ನೇ ಕತ್ತರಿಸಿದ್ದು.

ಆಲ್ಬಮ್‌ಗೆ ಬರುತ್ತೇನೆ. ಮೊದಲ ಹಾಡೇ ಆಫ್ರಿಕದ ನಾಯಕರನ್ನು ಎದುರಿಗೆ ನಿಲ್ಲಿಸಿ ಕೇಳುವ ಹಾಡು. ಫ್ರಾನ್ಸ್ ಆಳಿ ಹೋದ ಬಗೆ, ಹೋದ ಮೇಲೂ ಹೋಗದಿರುವ ಬಗೆ ಇಡೀ ಆಲ್ಬಮ್‌ನಲ್ಲಿದೆ. 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಇವರ ತಂಡ ಅಮೆರಿಕದಲ್ಲಿ ಹಾಡುತ್ತಿತ್ತು. ಗಡಿ ಮುಚ್ಚಿ, ಮನೆಗೆ ಹೋಗಲಾಗದೆ ಅಲ್ಲೇ ಸಿಕ್ಕಿಬಿದ್ದರು. ‘ಇಮೂಹರ್’ ಎಂಬ ಹಾಡು ತಮ್ಮ ಭಾಷೆ, ತಮ್ಮ ಲಿಪಿ ಕೈತಪ್ಪಿ ಹೋಗುತ್ತಿರುವುದರ ಬಗ್ಗೆ. ಒಂದು ಅಕ್ಷರ ಅರ್ಥವಾಗದ ಭಾಷೆಯಲ್ಲಿ, ಈ ಭಾಷೆ ಹೋಗುತ್ತಿದೆ ಎಂದು ಒಬ್ಬರು ಕೂಗುವುದನ್ನು ಕೇಳುತ್ತ ನಾನು ಒಂದು ಫೋನಿನ ಬೋರ್ಡು ಸುಟ್ಟೆ. ಗಿರಾಕಿಗೆ ಹೊಸದು ಕೊಡಬೇಕಾಯಿತು. ಇದೇ ಹಾಡುಗಳನ್ನು ವಿದ್ಯುತ್ತಿಲ್ಲದ ಗಿಟಾರಿನಲ್ಲಿ ನುಡಿಸಿದ ಇನ್ನೊಂದು ಆಲ್ಬಮ್ ಕೂಡ ಇದೆ. ಅದನ್ನು ಕೇಳುವ ದಿನ ಬೆಸುಗೆ ಕಡ್ಡಿ ಮುಟ್ಟುವುದಿಲ್ಲ.

ಕೊನೆಗೆ ಅಕ್ಕ. ‘ಸಾಲು’ ಎಂಬ ಮಾತು ಕೊಟ್ಟವರ ಆಯ್ಕೆ ಏನೆಂದು ಎಲ್ಲರಿಗೂ ಕುತೂಹಲ. ಸೆರಗಿನ ತುದಿಯಿಂದ ಪೆನ್‌ಡ್ರೈವ್ ಬಿಚ್ಚಿ ಮೇಜಿನ ಮೇಲಿಟ್ಟರು. ಕೇಂದ್ರದ ಪುಟ್ಟ ರೆಕಾರ್ಡರನ್ನು ಅಕ್ಟೋಬರಿನಲ್ಲಿ ಮೂರು ದಿನದ ಮಟ್ಟಿಗೆ ಒಯ್ದಿದ್ದರು. ಪೌಷ್ಟಿಕ ಆಹಾರದ ಕಾರ್ಯಕ್ರಮಕ್ಕೆ ಎಂದು ಪುಸ್ತಕದಲ್ಲಿ ಬರೆದಿತ್ತು. ಆ ಮೂರು ಸಂಜೆ ಅವರು ಪಕ್ಕದ ಊರಿನ ಒಬ್ಬ ಮುದಿ ದೇವರಗುಡ್ಡರ ಜಗುಲಿಯಲ್ಲಿ ಕೂತು ಸಂಕಮ್ಮನ ಸಾಲನ್ನು ಆದಿಯಿಂದ ಅಂತ್ಯದವರೆಗೆ ಹಾಡಿಸಿಕೊಂಡು ಬಂದಿದ್ದರು. ಹನ್ನೊಂದು ಭಾಗ, ಎರಡು ಗಂಟೆ ನಲವತ್ತು ನಿಮಿಷ. ಯಾವ ಭಾಗ ಎಲ್ಲಿ ಮುಗಿಯಬೇಕೆಂಬುದನ್ನು ತಾತನ ಹತ್ತಿರವೇ ಕೂತು ತೀರ್ಮಾನಿಸಿದ್ದರು. “ಇದು 2024ರದ್ದು. ಬಿಡಿ ಹಾಡಲ್ಲ. ಶುಲ್ಕವೂ ಇಲ್ಲ” ಎಂದರು. ಮೂರು ನಿಯಮಕ್ಕೂ ಒಪ್ಪುವ, ಹಾಕಿ ಕೇಳಿಸಬಹುದಾದ ಸಾಲು ತಂದವರು ಅವರೊಬ್ಬರೇ.

ನಾವು ಹಾಕಿದ್ದು ಒಂದೇ ಭಾಗ, ಹದಿನಾರು ನಿಮಿಷದ್ದು. ಜೇನು ಕೀಳಲು ಕಾಡಿಗೆ ಹೊರಟ ಗಂಡ, ಮಕ್ಕಳಿಲ್ಲದ ಹೆಂಡತಿಯನ್ನು ಒಂಟಿಯಾಗಿ ಬಿಟ್ಟು ಹೋಗುವ ಮುನ್ನ ಅನುಮಾನದಿಂದ ಭಾಷೆ ಕೇಳುವ ಜಾಗ. ತಾತನ ದನಿ ಒಡೆದಿದೆ. ಕಂಸಾಳೆಯ ಪೆಟ್ಟು ಒಮ್ಮೊಮ್ಮೆ ತಡವಾಗುತ್ತದೆ. ಹಿಮ್ಮೇಳಕ್ಕೆ ಇರುವವನು ಮೊಮ್ಮಗ, ಅವನಿಗೆ ಮಾತು ಪೂರ್ತಿ ಬಾರದು, ಕೊನೆಯ ಪದವನ್ನಷ್ಟೇ ಹಿಡಿಯುತ್ತಾನೆ. ಸಂಕಮ್ಮ ಉತ್ತರ ಕೊಡುವ ಹೊತ್ತಿಗೆ ಸರಿಯಾಗಿ ಒಳಗಡೆ ಕುಕ್ಕರ್ ಕೂಗುತ್ತದೆ. ಅದನ್ನು ತೆಗೆದುಬಿಡೋಣ ಎಂದು ನಾನು ಹೇಳಿದೆ. ಅಕ್ಕ ಬಿಡಲಿಲ್ಲ. “ಸಂಕಮ್ಮನೂ ಅಡಿಗೆ ಮಾಡುತ್ತಲೇ ಉತ್ತರ ಕೊಟ್ಟಿರಬೇಕು” ಎಂದರು.

ಡಿಸೆಂಬರ್ 29ರ ಭಾನುವಾರ ಪ್ರಸಾರವಾಯಿತು. ನನ್ನ ಮರುಭೂಮಿಯ ಬಗ್ಗೆ ಯಾರೂ ಫೋನ್ ಮಾಡಲಿಲ್ಲ. ಮೂರು ದಿನ ಬಿಟ್ಟು ಒಬ್ಬ ಯಜಮಾನರು ಅಂಗಡಿಗೆ ಬಂದು, ಗುಂಡಿಯ ಫೋನಿನ ಹಿಂಬದಿ ತೆಗೆದು, ಉಗುರಿನಷ್ಟು ಕಾರ್ಡನ್ನು ಅಂಗೈಯಲ್ಲಿಟ್ಟು ಚಾಚಿದರು. “ರೇಡಿಯೋದಲ್ಲಿ ಬಂದ ಸಂಕಮ್ಮನದು. ಪೂರ್ತಿ ತುಂಬಿಕೊಡಿ.”

ಕಂಪ್ಯೂಟರಿನ ತನಕ ಕೈ ಹೋಗಿ ನಿಂತಿತು. ಸಾವಿರಾರು ಕಾರ್ಡು ತುಂಬಿದ್ದೇನೆ. ಹಾಡಿದವರನ್ನು ಒಂದು ಸಲವೂ ಕೇಳಿದವನಲ್ಲ. ಇವರಾದರೆ ನಾಲ್ಕು ಕಿಲೋಮೀಟರ್ ದೂರದಲ್ಲಿದ್ದಾರೆ. ನಾಳೆ ಬನ್ನಿ ಎಂದು ಯಜಮಾನರನ್ನು ಕಳಿಸಿ, ಸಂಜೆ ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ತಾತ ಜಗುಲಿಯಲ್ಲೇ ಇದ್ದರು. ವಿಷಯ ಹೇಳಿದೆ. ಕಾರ್ಡಿಗೆ ಮೂವತ್ತು ರೂಪಾಯಿ ತೆಗೆದುಕೊಂಡರೆ ಇಪ್ಪತ್ತು ನಿಮಗೆ ಎಂದೆ. ಅವರು ದುಡ್ಡಿನ ಮಾತನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ, ಮೊಮ್ಮಗ ಹಾಕಿಕೊಂಡ. ತಾತನಿಗೆ ಬೇರೆ ಚಿಂತೆ ಇತ್ತು. ರೇಡಿಯೋದಲ್ಲಿ ತಮ್ಮ ದನಿಯನ್ನು ಕೇಳುವಾಗ ಗೊತ್ತಾಯಿತಂತೆ: ಅನುಮಾನಪಟ್ಟ ಗಂಡ ಕಾಡಿಗೆ ಹೋದ ಮೇಲೆ ಸಂಕಮ್ಮ ಒಬ್ಬಳೇ ಕೂತು ಹೇಳುವ ಒಂದಿಷ್ಟು ಮಾತನ್ನು ಹಾಡುವ ಭರದಲ್ಲಿ ಬಿಟ್ಟುಬಿಟ್ಟಿದ್ದಾರೆ.

“ಅದು ಇಲ್ಲದೆ ಯಾರಿಗೂ ಕೊಡಬೇಡಿ. ಅವಳ ಮಾತನ್ನು ನುಂಗಿದ ಪಾಪ ನನಗೆ ಬೇಡ. ಅವ್ವಾ, ಆ ಮಿಷನ್ನು ತಂದಿದ್ದೀಯಾ?” ಎಂದರು ಅಕ್ಕನಿಗೆ.

ತಂದಿರಲಿಲ್ಲ. ಇನ್ನು ಶಿವರಾತ್ರಿಯ ಜಾತ್ರೆ ಮುಗಿಸಿ ಬೆಟ್ಟದಿಂದ ಇಳಿಯುವವರೆಗೆ ತಾತ ಊರಲ್ಲಿರುವುದಿಲ್ಲ. ಯಜಮಾನರ ಕಾರ್ಡು ನನ್ನ ಮೇಜಿನ ಖಾನೆಯಲ್ಲಿ, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿದೆ. ಮೇಲೆ ಹನ್ನೆರಡು ಎಂದು ಬರೆದಿದ್ದೇನೆ, ಹನ್ನೊಂದು ಭಾಗಕ್ಕೆ ಇನ್ನೊಂದು ಸೇರಲಿದೆಯಲ್ಲ. ಅದು ಏಳರ ನಂತರ ಬರುತ್ತದೋ ಎಂಟರ ನಂತರವೋ ಎಂದು ಅಕ್ಕನಿಗೂ ತಾತನಿಗೂ ಇನ್ನೂ ಒಮ್ಮತವಾಗಿಲ್ಲ. ರೆಕಾರ್ಡರಿನ ಬ್ಯಾಟರಿ ಈ ಸಲ ನಾನೇ ಕೊಡಬೇಕಂತೆ.